ಹಾಸು ಮುಗೀತು, ಬಾ

ಪಾಸ್ಟರನ್ನು ನಾವು ಅಯ್ಯಗಾರು ಎಂದು ಕರೆಯುತ್ತೇವೆ. ನಮ್ಮ ಸಭೆಯ ಅಯ್ಯಗಾರು ಗುಂಟೂರು ಕಡೆಯವರು. ಅವರು ಹಿಂದೂಪುರಕ್ಕೆ ಹೊಸದಾಗಿ ಬಂದಾಗ ಅವರ ತೆಲುಗು ಕೇಳಿ ಹುಣಸೆ ಮಂಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅಷ್ಟು ನಯವಾದ ತೆಲುಗು. ನಮ್ಮದು ಸಂತೆಯ ತೆಲುಗು. ಒಂದು ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿಯಿತು ಎಂದು ಆಡಿದವರಿಗೂ ಗೊತ್ತಿರುವುದಿಲ್ಲ. ನಾನು ಮಡಕಶಿರಾ ಕಡೆಯ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು. ತೆಲುಗು ಮಾತಾಡುತ್ತೇನೆ, ಓದಲು ಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದೆಲ್ಲ ಶುರುವಾದದ್ದು ನಾನು ಒಂದು ತೆಲುಗು ಮಾತನ್ನು ಬೇರೆ ಅರ್ಥದಲ್ಲಿ ಹಿಡಿದುಕೊಂಡದ್ದರಿಂದ.

ಆ ಮಾತು ಕನಿಪೆಟ್ಟು.

ನಮ್ಮ ಬೀದಿಯಲ್ಲಿ ಕನಿಪೆಟ್ಟು ಎಂದರೆ ಪತ್ತೆ ಹಚ್ಚು. ಕೋಳಿ ಕದ್ದವನು ಯಾರೆಂದು ಕನಿಪೆಟ್ಟುತ್ತಾರೆ. ಗಂಡ ಎಲ್ಲಿ ಕುಡಿದು ಬಂದ ಎಂದು ಕನಿಪೆಟ್ಟುತ್ತಾರೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯಗಾರು ನನ್ನನ್ನು ಪಕ್ಕಕ್ಕೆ ಕರೆದು, ಕಲ್ಯಾಣದುರ್ಗದ ಆ ಹುಡುಗಿಯ ವಿಷಯ ತೆಗೆದು, “ಅಮ್ಮಾ, ಆ ಬಿಡ್ಡ ಕೋಸಂ ಮೀರು ಕನಿಪೆಟ್ಟಂಡಿ” ಎಂದರು. ಆ ಮಗುವಿಗಾಗಿ ನೀವು ಕನಿಪೆಟ್ಟಿ. ನಾನು ಆ ಸಭೆಗೆ ಸೇರಿ ಹೊಸತು. ಅದಕ್ಕೆ ಮುಂಚೆ ಹಳ್ಳಿಯಲ್ಲಿ ನಮ್ಮ ಪ್ರಾರ್ಥನೆಯೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಆಗಲಿ ಎಂದು ತಲೆ ಆಡಿಸಿ ಬಂದೆ.

ಹುಡುಗಿ ಯಾರೆಂದರೆ, ನಾನು ಆಸ್ಪತ್ರೆಯಲ್ಲಿ ಕಂಡವಳು. ಅವಳ ತೌರು ಹಿಂದೂಪುರ. ಕಲ್ಯಾಣದುರ್ಗದ ನೇಕಾರರ ಮನೆಗೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತೌರಿಗೆ ಬಂದಿದ್ದಳು. ನನ್ನ ಮಗಳಿಗೂ ಅದೇ ವಾರ್ಡಿನಲ್ಲಿ ಹೆರಿಗೆಯಾಯಿತು, ಪಕ್ಕದ ಮಂಚ. ನನ್ನ ಮೊಮ್ಮಗಳು ಕಿರುಚಿಕೊಂಡೇ ಹುಟ್ಟಿದಳು. ಅವಳ ಮಗು ಅಳಲೇ ಇಲ್ಲ. ಗಂಡು ಮಗು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿ, ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನೋಡಲು ಬಂದವರೆಲ್ಲ ಏನಾದರೊಂದು ಹೇಳಿ ಹೋಗುತ್ತಿದ್ದರು. ವಯಸ್ಸು ಚಿಕ್ಕದು, ಇನ್ನೊಂದಾಗುತ್ತದೆ, ಹೀಗೆ. ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಅವಳ ಎದೆಗೆ ಶಾಖ ಕೊಟ್ಟೆ. ಏನೂ ಹೇಳಲಿಲ್ಲ. ಹೇಳುವುದಕ್ಕೆ ನನಗೇನೂ ತೋಚಲಿಲ್ಲ, ಅಷ್ಟೇ. ಅದರಲ್ಲಿ ದೊಡ್ಡತನವೇನಿಲ್ಲ.

ಮನೆಗೆ ಹೊರಡುವ ದಿನ ಅವಳು ನನ್ನ ಸೆರಗು ಹಿಡಿದಳು.

“ಅಜ್ಜೀ, ದಿನಾ ಬೆಳಿಗ್ಗೆ ಕಣ್ಮುಚ್ಕೊಂಡು ಯಾರ್ಗೋ ಏನೋ ಹೇಳ್ತಿದ್ದಲ್ಲ, ಯಾರ್ಗೆ?”

“ಯೇಸಪ್ಪನ್ಗೆ ಕಣವ್ವ.”

“ನಮ್ಮನೆಗೂ ಬಂದು ಹೇಳ್ತೀಯಾ?”

“ಬತ್ತೀನಿ. ಆದ್ರೆ ಒಂದಿನ ನೀನೂ ಬಾಯ್ಬಿಟ್ಟು ಹೇಳ್ಬೇಕು.”

ಅವಳು ನನ್ನ ಸೆರಗು ಬಿಟ್ಟು ಬಟ್ಟೆಗಂಟು ಎತ್ತಿಕೊಂಡಳು.

ಇದನ್ನು ಸಭೆಯಲ್ಲಿ ಹೇಳಿದೆ. ಹುಡುಗಿಯ ಮನೆಮಾತು ಕನ್ನಡವಾದ್ದರಿಂದ ನನ್ನನ್ನೇ ಕಳಿಸುವುದೆಂದು ಹಿರಿಯರು ತೀರ್ಮಾನಿಸಿದರು. ಅವಳು ತನ್ನ ಬಾಯಿಂದ ಒಂದು ಪ್ರಾರ್ಥನೆ ಮಾಡಬೇಕು, ಆಮೇಲೆ ದೀಕ್ಷಾಸ್ನಾನಕ್ಕೆ ಒಪ್ಪಬೇಕು. ಸಭೆಯವರಿಗೆ ಬೇಕಾಗಿದ್ದದ್ದು ಎರಡನೆಯದು. ನನಗೆ ಬೇಕಾಗಿದ್ದದ್ದು ಮೊದಲನೆಯದು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನಾನು ಪಾವಗಡದ ಮೇಲೆ ಹೋಗುತ್ತಿದ್ದೆ. ನಡುವೆ ಕರ್ನಾಟಕ ಬಂದು ಹೋಗುತ್ತದೆ. ಕಂಡಕ್ಟರು ತೆಲುಗಿನಲ್ಲಿ ಬೈಯುತ್ತಾ ಹತ್ತಿಸಿಕೊಂಡು, ಕನ್ನಡದಲ್ಲಿ ಬೈದು, ಮತ್ತೆ ತೆಲುಗಿನಲ್ಲಿ ಬೈದು ಇಳಿಸುತ್ತಾನೆ. ಮಂಡಿಯಿಂದ ತಂದ ಹುಣಸೆಹಣ್ಣಿನ ಉಂಡೆಯೊಂದನ್ನು ಚೀಲದಲ್ಲಿಟ್ಟುಕೊಂಡು ಮೊದಲ ಸಲ ಹೋದೆ. ಸಣ್ಣ ಮನೆ. ನಡುಮನೆಯನ್ನೆಲ್ಲ ಮಗ್ಗವೇ ತಿಂದುಬಿಟ್ಟಿತ್ತು. ಗಂಡ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ, ಬಾಯಲ್ಲಿ ಎಲೆಅಡಿಕೆ, ಮಾತೇ ಇಲ್ಲ. ಹುಡುಗಿ ಲಾಳಿಗೆ ಹಾಕುವ ಕಂಡಿಗೆಗೆ ನೂಲು ಸುತ್ತುತ್ತಿದ್ದಳು. ಅತ್ತೆ ಬಾಗಿಲಲ್ಲಿ ಕೂತಿದ್ದಳು. ನನ್ನದೇ ವಯಸ್ಸು, ನನಗಿಂತ ಜೋರು ಬಾಯಿ.

ನಾನು ಹೋಗಿದ್ದೇ ಪತ್ತೆ ಹಚ್ಚುವುದಕ್ಕೆ. ಹಾಗಾಗಿ ಹಚ್ಚಿದೆ. ಗೋಡೆಯ ಮೇಲೆ ಯಾವ ಯಾವ ದೇವರ ಪಟ ಇದೆ ನೋಡಿದೆ. ದೀಪದ ಬತ್ತಿ ಮುಟ್ಟಿ ಎಣ್ಣೆ ಹಸಿಯೋ ಒಣಗಿದೆಯೋ ನೋಡಿದೆ. ಪಕ್ಕದ ಮನೆಯವಳನ್ನು ಮಾತಿಗೆಳೆದು ಸೊಸೆ ಹೇಗೆ, ಯಾವ ವಾರ ಉಪವಾಸ ಎಂದು ಕೇಳಿದೆ. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದೆ. ಅಲ್ಲಿ ಏನಿರುತ್ತದೆ ಎಂದು ತೆಗೆದೆನೋ ಈಗ ನೆನಪಿಲ್ಲ. ಗೋಡೆಯ ಗೂಡಿನೊಳಗೆ ತಲೆ ತೂರಿಸಿದ್ದಾಗ ಅತ್ತೆ ಹಿಂದಿನಿಂದ ಬಂದಳು.

“ಏನಮ್ಮ ಯೇಸಪ್ಪನೋರೇ, ನಿಂದೇನಾರ ಕಳ್ದೋಗೈತಾ ನಮ್ಮನೇಲಿ?”

“ಏನಿಲ್ಲ ಕಣಮ್ಮ, ಹಲ್ಲಿ ಹೋದಂಗಾಯ್ತು.”

“ಹಲ್ಲೀನ ನಾವೇ ಸಾಕಿರಾದು. ಈಚೆ ಬಾ.”

ಹಿಂದೂಪುರಕ್ಕೆ ಬಂದವಳೇ ನೇರ ಅಯ್ಯಗಾರ ಮನೆಗೆ ಹೋದೆ. “ಅಯ್ಯಗಾರೂ, ಅಂತಾ ಕನಿಪೆಟ್ಟಾನು”, ಎಲ್ಲ ಪತ್ತೆ ಹಚ್ಚಿದೆ ಎಂದು ಹೇಳಿ, ಪಟಗಳಿಂದ ಹಿಡಿದು ಅಕ್ಕಿ ಡಬ್ಬಿಯವರೆಗೆ ಒಂದೂ ಬಿಡದೆ ಒಪ್ಪಿಸಿದೆ. ಅವರು ನನ್ನನ್ನೇ ನೋಡುತ್ತಾ ಕೂತರು. ಕಾಫಿ ತರುತ್ತಿದ್ದ ಅವರ ಹೆಂಡತಿಗೆ ಮೊದಲು ಹೊಳೆಯಿತು. ಲೋಟಗಳನ್ನು ಕೆಳಗಿಟ್ಟು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಭೆಯ ತೆಲುಗಿನಲ್ಲಿ ಕನಿಪೆಟ್ಟುವುದೆಂದರೆ ಪ್ರಾರ್ಥನೆ ಮಾಡುತ್ತಾ ದೇವರಿಗಾಗಿ ಕಾದುಕೊಂಡಿರುವುದಂತೆ.

“ಕಾಯಾದಾ?” ಎಂದೆ. “ಹಂಗಂತ ಹೇಳ್ಬಾರ್ದಾ! ನಾನು ಅವರ ಅಕ್ಕಿ ಡಬ್ಬಿ ಮುಚ್ಳ ತೆಗ್ದು ನೋಡ್ಬುಟ್ಟು ಬಂದೀನಿ.”

ಕಾಯುವುದೆಂದರೆ ಏನು ಮಾಡಬೇಕು ಎಂದು ಕೇಳಿದೆ. “ವೆಳ್ಳಂಡಿ, ಕೂರ್ಚೋಂಡಿ, ತಿರಿಗಿ ರಂಡಿ” ಎಂದರು ಅಯ್ಯಗಾರು. ಹೋಗಿ, ಕೂತುಕೊಳ್ಳಿ, ವಾಪಸು ಬನ್ನಿ. ಇದೆಂಥ ಕೆಲಸ ಎಂದುಕೊಂಡೆ. ಮಂಡಿಯಲ್ಲಿ ಹುಣಸೆ ಕುಟ್ಟಿದರೆ ಸಂಜೆಗೆ ಒಂದು ಕಡೆ ಬೀಜ, ಒಂದು ಕಡೆ ನಾರು, ಒಂದು ಕಡೆ ಹಣ್ಣು ಕಣ್ಣಿಗೆ ಕಾಣುತ್ತದೆ. ಕೂತು ಬಂದರೆ ಏನು ಕಾಣುತ್ತದೆ?

ಕೂರುವುದಕ್ಕೂ ಅತ್ತೆ ಬಿಡಲಿಲ್ಲ. ಎರಡನೇ ಸಲ ಹೋದ ದಿನ ಅವರ ಮಗ್ಗದಲ್ಲಿ ಹಾಸು ಮುಗಿದಿತ್ತು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದಿರುವ ಎಳೆಗಳು. ಮುಗಿಯುವಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಯ ತುದಿಗಳನ್ನು ಉಳಿಸಿಕೊಂಡು, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಕೆಚ್ಚುವುದು ಎನ್ನುತ್ತಾರೆ. ಎಣಿಸಲಾಗದಷ್ಟು ಎಳೆ, ಕೂದಲಿಗಿಂತ ಸಣ್ಣ. ಬೆಳಿಗ್ಗೆ ಕೂತರೆ ಸೊಂಟ ಬಿದ್ದುಹೋಗುವವರೆಗೆ ಅದೇ ಕೆಲಸ.

“ಬಂದು ಸುಮ್ಕೆ ಕೂತು ಎದ್ದೋಗ್ಬ್ಯಾಡ. ಎಳೆ ಹಿಡಿ,” ಎಂದಳು ಅತ್ತೆ. ಹಿಡಿದ ಕೂಡಲೇ ಕೈ ಮೇಲೆ ಹೊಡೆದಳು. “ಥೂ, ಹುಣಸೆಹಣ್ಣಿನ ಕೈ! ರೇಷ್ಮೆಗೆ ಕರೆ ಆಯ್ತದೆ. ತೊಳ್ಕೊಂಡ್ ಬಾ ಹೋಗು.”

ಬೂದಿ ಹಾಕಿ ಉಜ್ಜಿ ತೊಳೆದುಕೊಂಡು ಬಂದೆ. ನಾನು ಹೊಸೆದ ಎಳೆಗಳೆಲ್ಲ ಬಿಟ್ಟುಹೋದವು. ಹುಡುಗಿ ನನ್ನ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಹೀಗಲ್ಲ ಹೀಗೆ ಎಂದು ಉರುಳಿಸಿ ತೋರಿಸಿದಳು. ಆಸ್ಪತ್ರೆಯ ನಂತರ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಅಲ್ಲಿಂದ ಅದೇ ರೂಢಿಯಾಯಿತು. ಆಗ ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಹಾಸು ಮುಗಿಯುತ್ತಾ ಬಂದಾಗ ಹುಡುಗಿ ಬಸ್‌ಸ್ಟ್ಯಾಂಡಿನ ಕಾಯಿನ್ ಬೂತಿನಿಂದ ನಮ್ಮ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡುತ್ತಿದ್ದಳು. ನಾನು ಓಡಿಹೋಗಿ ಎತ್ತಿಕೊಂಡರೆ ಒಂದೇ ಮಾತು: “ಅಜ್ಜೀ, ಹಾಸು ಮುಗೀತು, ಬಾ.” ಪ್ರಾರ್ಥನೆಗೆ ಬಾ ಎಂದು ಅವಳು ಯಾವತ್ತೂ ಹೇಳಲಿಲ್ಲ.

ಅತ್ತೆಗೆ ಅಕ್ಕಿ ಡಬ್ಬಿಯ ಕಥೆ ನಾನೇ ಹೇಳಿದೆ, ಮುಚ್ಚಿಟ್ಟು ಏನು ಮಾಡಲಿ? ಆಮೇಲೆ ಆಕೆ ನನ್ನನ್ನು ಕಂಡಾಗಲೆಲ್ಲ, “ಬಂದ್ಬುಟ್ಳು ಕನಿಪೆಟ್ಟಮ್ಮ. ಇವತ್ತೇನು, ಉಪ್ಪಿನ್ ಗಡಿಗೆಯಾ, ಬೇಳೆ ಡಬ್ಬಿಯಾ?” ಎನ್ನುತ್ತಿದ್ದಳು. ಮನೆ ದೇವರಿಗೆ ದೀಪ ಹಚ್ಚದೆ ಆಕೆ ಹೊಸ ಹಾಸು ಮುಟ್ಟುತ್ತಿರಲಿಲ್ಲ. ದೀಪ ಹಚ್ಚಿ, ಕೈಮುಗಿದು, ನನ್ನ ಕಡೆ ತಿರುಗಿ, “ನಮ್ಮೋರ್ಗಾಯ್ತು. ನಿಮ್ಮೋರ್ಗೂ ಒಂದ್ಮಾತು ಹೇಳ್ಬುಡು, ಹೊತ್ತಾಯ್ತು” ಎನ್ನುತ್ತಿದ್ದಳು. ನಾನು ಚಿಕ್ಕದಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಮುಗಿಸಿ, “ನೀನೊಂದ್ಮಾತು ಹೇಳವ್ವ” ಎಂದು ಹುಡುಗಿಯ ಕಡೆ ನೋಡುತ್ತಿದ್ದೆ.

“ಇನ್ನೂ ಇಲ್ಲಜ್ಜಿ.”

ಪ್ರತಿ ಹಾಸಿಗೂ ಅದೇ. ಬೇಸಿಗೆ ಹೋಗಿ ಮಳೆ ಬಂತು, ಮತ್ತೆ ಬೇಸಿಗೆ ಬಂತು. ಬೀದಿಯ ಕೊನೆಯ ಮನೆಯವರು ಪವರ್‌ಲೂಮ್ ಹಾಕಿಸಿದರು, ಹಗಲೆಲ್ಲ ಅದರ ಸದ್ದು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. “ಇನ್ನೂ ಇಲ್ಲಜ್ಜಿ.” ನನಗೆ ರೇಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ, ಇವಳಿಗೆ ನಾಲಿಗೆ ಇಲ್ಲವಾ ಎಂದು ದೇವರನ್ನೇ ಕೇಳುತ್ತಿದ್ದೆ. ಸುಮ್ಮನೆ ಕಾಯುವುದು ನನ್ನ ಗುಣವಲ್ಲ. ಹಾಲು ಉಕ್ಕುವ ಮೊದಲೇ ಮೂರು ಸಲ ಬಗ್ಗಿ ನೋಡುವವಳು ನಾನು.

ಏನಾದರೂ ಬೆಳವಣಿಗೆ ಕಾಣುತ್ತಿದೆಯಾ ಎಂದು ಅಯ್ಯಗಾರ ಹೆಂಡತಿ ಆಗಾಗ ಕೇಳುತ್ತಿದ್ದರು. “ಮೊದ್ಲು ನೀರು ಕೊಡ್ತಿದ್ಳು, ಈಗ ಮಜ್ಜಿಗೆ ಕೊಡ್ತಾಳೆ” ಎಂದೆ. ಆಕೆ ನಕ್ಕರು, ಆದರೆ ನನಗೆ ಕಂಡ ಬೆಳವಣಿಗೆ ಅಷ್ಟೇ. ಅಯ್ಯಗಾರು ಒಂದು ಭಾನುವಾರ ನಾನು ಎಳೆ ಹೊಸೆಯುವುದನ್ನು ತಮ್ಮ ಉಪದೇಶದಲ್ಲಿ ತಂದರು. ಹಳೆಯ ಎಳೆ ಎಂದರೆ ಹೀಗೆ, ಹೊಸ ಎಳೆ ಎಂದರೆ ಹೀಗೆ ಎಂದು ಬಹಳ ಚೆನ್ನಾಗಿ ಹೇಳಿದರು, ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಕೂತು ಹೊಸೆದವಳಿಗೆ ಗೊತ್ತು, ಅದು ಎಳೆ, ಸೊಂಟ ನೋಯುತ್ತದೆ.

ಹಾಗೆ ಕೆಲವು ವರ್ಷಗಳಾದ ಮೇಲೆ ಒಂದು ಮಳೆಗಾಲದ ಕೊನೆಯಲ್ಲಿ ಸಭೆಯ ಹಿರಿಯರು ಕೂತರು. ಅವರಲ್ಲೊಬ್ಬರು ರಿಟೈರಾದ ಮೇಷ್ಟ್ರು, ಒಳ್ಳೆಯವರೇ. “ಅಮ್ಮಾ, ಇನ್ನೇಳ್ಳೂ ಒಕ್ಕ ಇಂಟಿಕೇನಾ?” ಎಂದು ಕೇಳಿದರು. ಇಷ್ಟು ವರ್ಷ ಒಂದೇ ಮನೆಗಾ? ಚಿಲಮತ್ತೂರು ಕಡೆಯ ಹೆಂಗಸರು ಯಾರನ್ನಾದರೂ ಕಳಿಸಿ ಎಂದು ತಾವಾಗಿಯೇ ಕೇಳುತ್ತಿದ್ದರು. ಅದೂ ನಿಜ. ನನ್ನ ಮೊಣಕಾಲುಗಳು ಎರಡು ದಿಕ್ಕಿಗೆ ಓಡಾಡುವ ಹಾಗಿರಲಿಲ್ಲ. ಅದಕ್ಕೇ ಹೀಗೆ ಗೊತ್ತು ಮಾಡಿದರು: ಕ್ರಿಸ್ಮಸ್ಸಿಗೆ ಕೊಡುವ ದೀಕ್ಷಾಸ್ನಾನದಲ್ಲಿ ಆ ಹುಡುಗಿ ಇದ್ದರೆ ನಾನು ಕಲ್ಯಾಣದುರ್ಗಕ್ಕೆ ಹೋಗುತ್ತಿರಬಹುದು. ಇಲ್ಲವಾದರೆ ಆ ಮನೆ ಬಿಟ್ಟು ಚಿಲಮತ್ತೂರು. ಕನಿಪೆಟ್ಟಂಡಿ ಎಂದಿದ್ದ ಅಯ್ಯಗಾರು ತಮ್ಮ ಕಾಲ ಬೆರಳು ನೋಡುತ್ತಾ ಕೂತಿದ್ದರು.

ಇದನ್ನು ಹುಡುಗಿಗೆ ಹೇಳಬಾರದೆಂದು ಅಲ್ಲೇ ಗಟ್ಟಿಮಾಡಿಕೊಂಡೆ. ಹೇಳಿದರೆ ನನ್ನ ಮೇಲಿನ ಅಕ್ಕರೆಗೆ ಅವಳು ನೀರಿಗಿಳಿದುಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. ಹಾಗೆ ಇಳಿದವರನ್ನು ನಾನು ನೋಡಿದ್ದೇನೆ. ತಲೆ ಒಣಗುವಷ್ಟರಲ್ಲಿ ಎಲ್ಲ ಒಣಗಿರುತ್ತದೆ.

ಕ್ರಿಸ್ಮಸ್ ಹತ್ತಿರ ಬಂದಾಗ ಅಂಗಡಿಗೆ ಫೋನ್ ಬಂತು. ಹಾಸು ಮುಗೀತು, ಬಾ. ಹುಣಸೆಹಣ್ಣಿನ ದೊಡ್ಡ ಉಂಡೆಯನ್ನೇ ಆರಿಸಿಕೊಂಡು ಹೋದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು.

“ಏನಮ್ಮ, ಇಷ್ಟ್ ದೊಡ್ದು? ವರ್ಷಕ್ಕಾಗಂಗೆ ತಂದಿದ್ದೀಯ. ಎಲ್ಲಿಗ್ ಹೋಯ್ತಿದ್ದೀಯ?”

“ಎಲ್ಲಿಗೂ ಇಲ್ಲ.”

“ನಂತಾವ ಸುಳ್ಳಾ? ಕನಿಪೆಟ್ಟಾಕೆ ನಿನ್ಗೊಬ್ಳಿಗೇ ಬತ್ತದಾ? ಹೇಳು.”

ಅಂಥ ಬಾಯಿಯ ಮುಂದೆ ಏನು ನಿಲ್ಲುತ್ತದೆ? ಇನ್ನು ಮೇಲೆ ಚಿಲಮತ್ತೂರಿಗೆ ಹೋಗಬೇಕು ಎಂದೆ. ಯಾಕೆ ಎಂದಳು. ಕೆದಕಿ ಕೆದಕಿ ಕ್ರಿಸ್ಮಸ್ಸಿನ ವಿಷಯವನ್ನೂ ಹೊರಗೆ ತೆಗೆದಳು. ಹುಡುಗಿ ಬೂದಿಯ ಬಟ್ಟಲು ಹಿಡಿದು ನಿಂತಲ್ಲೇ ನಿಂತಿದ್ದಳು.

“ಅಷ್ಟೇನಾ ಅಜ್ಜಿ?” ಎಂದಳು. “ನಾನು ಮುಳುಗಿ ಎದ್ರೆ ನೀನು ಬತ್ತಿರ್ತೀಯಾ? ಸರಿ ಬುಡು, ಮುಳುಗ್ತೀನಿ.”

ಮಗ್ಗದ ಹಗ್ಗ ಬಿಗಿಯುತ್ತಿದ್ದ ಗಂಡ ಮೊದಲ ಸಲ ತಲೆ ಎತ್ತಿದ. ಇಷ್ಟು ವರ್ಷ ನಾನು ಓಡಾಡಿದ್ದು ಈ ಒಂದು ಮಾತಿಗೇ ಎಂದು ಹಿರಿಯರು ಹೇಳುತ್ತಿದ್ದರು. ಕೈಗೆ ಬಂದಿತ್ತು. ಹೂಂ ಎಂದರೆ ಸಾಕಿತ್ತು. ಅವಳ ಮುಖ ನೋಡಿದೆ. ಆಸ್ಪತ್ರೆಯಲ್ಲಿ ಸೆರಗು ಹಿಡಿದಾಗ ಇದ್ದ ಮುಖವೇ.

“ಬ್ಯಾಡ ಕಣವ್ವ,” ಎಂದೆ. “ನನಗೋಸ್ಕರ ಮುಳುಗ್ಬ್ಯಾಡ. ನಾನೇನು, ಇವತ್ತಿದ್ದು ನಾಳೆ ಹೋಗೋಳು.”

ಅತ್ತೆ ಎದ್ದು ಹೋಗಿ ದೀಪ ಹಚ್ಚಿ ಬಂದಳು, ಎಂದಿನ ಹಾಗೆ. ಹೊಸ ಹಾಸಿನ ಮುಂದೆ ಕೂತು ನನ್ನ ಕಡೆ ನೋಡಿದಳು. ನಾನು ಪ್ರಾರ್ಥನೆ ಮಾಡದೆ ಹಾಸಿನ ಎಳೆ ಎಣಿಸುತ್ತಾ ಕೂತೆ.

“ಇದೊಳ್ಳೆ ಆಯ್ತು,” ಎಂದಳು ಅತ್ತೆ. “ಈ ಕನಿಪೆಟ್ಟಮ್ಮ ಬಾಯ್ಬಿಡಾಕಿಲ್ಲ. ನಾಳೆಯಿಂದ ಬರಾದೂ ಇಲ್ಲ. ಇಷ್ಟ್ ದಿನ ಎರಡ್ ಕಡೇನೂ ಹೇಳಿ ಎಳೆ ಮುಟ್ಟಿ ಅಭ್ಯಾಸ ಆಗ್ಬುಟ್ಟೈತೆ. ಈಗ ಒಂದ್ ಕಡೆ ಬುಟ್ಟು ಮುಟ್ಟಾಕೆ ನಂಗೆ ಕೈ ಬರಾಕಿಲ್ಲ.” ಸೊಸೆಯ ಕಡೆ ತಿರುಗಿದಳು. “ಏಯ್, ನೀನೇ ಹೇಳೇ. ಕೇಳಿ ಕೇಳಿ ನನಗೇ ಬಾಯಿಗೆ ಬಂದೈತೆ, ನಿನಗೆ ಬಂದಿಲ್ವಾ?”

ಹುಡುಗಿ ಬೂದಿಯ ಬಟ್ಟಲು ಕೆಳಗಿಟ್ಟು ಕೂತಳು. ಕಣ್ಣು ಮುಚ್ಚಲಿಲ್ಲ. ಕೈ ಮುಗಿಯಲಿಲ್ಲ. ಹಾಸಿನ ಎಳೆಗಳನ್ನೇ ನೋಡುತ್ತಾ, ಒಳಮನೆಯಲ್ಲಿ ಇರುವವರ ಹತ್ತಿರ ಮಾತಾಡುವ ಹಾಗೆ ಹೇಳಿದಳು.

“ಯೇಸಪ್ಪಾ, ನಾನು ಕಣಪ್ಪ. ನಂಗಿನ್ನೂ ನಿನ್ ಮ್ಯಾಲೆ ಸಿಟ್ಟೈತೆ. ಮಗೀನ ಕೊಟ್ಟಂಗೆ ಮಾಡಿ ಕಿತ್ಕೊಂಡ್ಬುಟ್ಟೆ. ಸುಳ್ಳು ಹೇಳಾಕೆ ನಂಗೆ ಬರಾಕಿಲ್ಲ, ಅದ್ಕೇ ಇಷ್ಟ್ ದಿನ ಹೇಳಿಲ್ಲ. ಎದ್ದು ಹೋಗ್ಬ್ಯಾಡ. ನನ್ನ ಒಸಿ ಕಾಯಿ.”

ಆಮೆನ್ ಹೇಳಲಿಲ್ಲ. ಅತ್ತೆ, “ಹೂಂ, ಮುಗೀತಾ? ಎಳೆ ಹಿಡಿ” ಎಂದಳು, ಆದರೆ ಆಕೆಯ ದನಿ ಎಂದಿನಂತಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಬೂದಿ ಹಾರಿತು ಎಂದಳು.

ನಮ್ಮ ಮಾತಿನಲ್ಲಿ ಕಾಯಿ ಎಂದರೆ ಕಾಪಾಡು ಎಂದೂ ಆಗುತ್ತದೆ, ನಾನು ಬರುವವರೆಗೆ ಅಲ್ಲೇ ಇರು ಎಂದೂ ಆಗುತ್ತದೆ. ಅವಳು ಯಾವುದನ್ನು ಕೇಳಿಕೊಂಡಳು ಎಂದು ನಾನು ವಿಚಾರಿಸಲಿಲ್ಲ. ಕನಿಪೆಟ್ಟುವ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಸಂಜೆಯವರೆಗೆ ಮೂವರೂ ಕೂತು ಕೆಚ್ಚಿದೆವು. ನಾನು ಹೊಸೆದದ್ದು ಅವತ್ತು ಒಂದೂ ಬಿಡಲಿಲ್ಲ ಎಂದು ಹೇಳಿದರೆ ಚೆಂದ. ಬಿಟ್ಟವು, ಅತ್ತೆ ಬೈದಳು.

ಹಿಂದೂಪುರದಲ್ಲಿ ಹಿರಿಯರು ಮತ್ತೆ ಕೂತಿದ್ದರು. ಪ್ರಾರ್ಥನೆ ಮಾಡಿದಳಾ ಎಂದು ಮೇಷ್ಟ್ರು ತೆಲುಗಿನಲ್ಲಿ ಕೇಳಿದರು. ಮಾಡಿದಳು ಎಂದೆ. ಎಲ್ಲರ ಮುಖ ಅರಳಿತು. ಹಾಗಾದರೆ ದೀಕ್ಷಾಸ್ನಾನ ಎಂದರು.

“ಲೇದು,” ಎಂದೆ. “ದೇವುಣ್ಣೇ ವೇಚಿ ಉಂಡಮನಿಂದಿ.” ಇಲ್ಲ, ಕಾದುಕೊಂಡಿರು ಎಂದು ದೇವರಿಗೇ ಹೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವಳು ನಿಜವಾಗಿ ಯಾವ ಮಾತು ಆಡಿದಳು ಎಂದು ಅಯ್ಯಗಾರು ಕೇಳಿದರು. ಒಂದೂ ಬಿಡದೆ ಹೇಳಿದೆ, ಸಿಟ್ಟಿನ ಮಾತನ್ನೂ ಸೇರಿಸಿ. ಕಾಯಿ ಎಂದರೆ ಏನೇನು ಎಂದು ನನಗೆ ಬರುವ ತೆಲುಗಿನಲ್ಲಿ ಬಿಡಿಸಿದೆ. ಆಮೇಲೆ, “ಅವಳು ಕೇಳ್ಕೊಂಡಿರಾದು ದೇವ್ರನ್ನ. ಆತನೇ ಕಾಯ್ತಾ ಕೂತಿರ್ವಾಗ ನಮಗೇನು ಅವಸರ ಅಯ್ಯಗಾರೂ?” ಎಂದುಬಿಟ್ಟೆ. ಅದು ಕನ್ನಡದಲ್ಲೇ ಬಂತು. ಅರ್ಥವಾಗಲಿಲ್ಲ ಎಂದು ಯಾರೂ ಹೇಳಲಿಲ್ಲ.

ಅಯ್ಯಗಾರು, “ಮೀರು ಅಕ್ಕಡಿಕೇ ವೆಳ್ಳಂಡಿ ಅಮ್ಮಾ” ಎಂದರು. ನೀವು ಅಲ್ಲಿಗೇ ಹೋಗಿ. ಚಿಲಮತ್ತೂರಿಗೆ ನಾನೇ ಹೋಗುತ್ತೇನೆ ಎಂದು ಬಾಗಿಲ ಹಿಂದಿನಿಂದ ಅವರ ಹೆಂಡತಿ ಹೇಳಿದರು. ಹೋದರು ಕೂಡ.

ಆ ಕ್ರಿಸ್ಮಸ್ಸಿಗೆ ಅವಳು ನೀರಿಗಿಳಿಯಲಿಲ್ಲ, ಮುಂದಿನದಕ್ಕೂ ಇಲ್ಲ. ಆಮೇಲೆ ಏನಾಯಿತು ಎಂದು ಸಭೆಯ ಹೊಸಬರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ.

ಆ ಕ್ರಿಸ್ಮಸ್ ಕಳೆದು ಹೊಸ ವರ್ಷವಾದ ಮೇಲೆ ಅಂಗಡಿಯವನು ಕೂಗಿದ. ಹೋಗಿ ಫೋನ್ ಎತ್ತಿಕೊಂಡೆ.

“ಅಜ್ಜೀ, ಹಾಸು ಮುಗೀತು, ಬಾ.”

“ಬತ್ತೀನಿ ಕಣವ್ವ.”

“ಬೇಗ್ ಬಾ. ತಡ ಆದ್ರೆ ಅತ್ತೆ ಶುರು ಮಾಡ್ಬುಡ್ತೈತೆ.”

ಬಸ್ಸು ಪಾವಗಡದಲ್ಲಿ ಪಂಕ್ಚರಾಗಿ ನಿಂತಿತು. ನಾನು ಕಲ್ಯಾಣದುರ್ಗ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅವರ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ದೀಪ ಉರಿಯುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಹಾಸಿನ ಮುಂದೆ ಕೂತಿದ್ದರು. ಇಬ್ಬರ ಬೆರಳಿಗೂ ಬೂದಿ ಹತ್ತಿತ್ತು.

“ಹೇಳಾಯ್ತು, ಎರಡ್ ಕಡೇನೂ,” ಎಂದಳು ಅತ್ತೆ ತಲೆ ಎತ್ತದೆ. “ಅಲ್ಲೇನು ಕನಿಪೆಟ್ತಾ ನಿಂತೆ? ಕೈ ತೊಳ್ಕೊಂಡ್ ಬಾ.”